ಅಬಾರ್ತ್ ಪುಂಟೊ: ಬೆಂಗ್ಳೂರಲ್ಲಿ ಐದು ವರ್ಷ ಓಡ್ಸಿದ್ಮೇಲೆ

ಪೆಟ್ರೋಲ್ ಬಂಕಲ್ಲಿ ಟೈರಿಗೆ ಗಾಳಿ ಹಾಕಿಸ್ತಾ ನಿಂತಿರ್ಬೇಕಾದ್ರೆ ಯಾರಾದ್ರೂ ಒಬ್ರು ಪಕ್ಕಕ್ಕೆ ಬಂದು "ಸಾರ್, ಇದು ಪುಂಟೊ ತಾನೆ, ಮತ್ತೆ ಮುಂದ್ಗಡೆ ಚೇಳು ಯಾಕಿದೆ" ಅಂತ ಕೇಳೇ ಕೇಳ್ತಾರೆ. ಎರಡು ನಿಮಿಷದಲ್ಲಿ ನಿಂತ್ಕೊಂಡು ಹೇಳಿ ಮುಗಿಸೋ ವಿಷ್ಯ ಅಲ್ಲ ಅದು, ಅದಕ್ಕೇ ಒಂದ್ಸಲ ಕೂತು ಪೂರ್ತಿ ಬರ್ದ್ಬಿಡೋಣ ಅಂತ. ನಂದು 2016ರ ಅಬಾರ್ತ್ ಪುಂಟೊ, ಅಂದ್ರೆ ಇಟಲಿಯ ಫಿಯೆಟ್ ಕಂಪ್ನಿಯ ಪುಂಟೊ ಕಾರಲ್ಲೇ ಜೋರಾಗಿ ಓಡೋ ಮಾಡೆಲ್, ಕಪ್ಪು ಬಣ್ಣ, ನಾನು ಸೆಕೆಂಡ್ ಓನರ್, ತಗೊಂಡಾಗ 31 ಸಾವಿರ ಕಿಲೋಮೀಟರ್ ಓಡಿತ್ತು, ಈಗ 74 ಸಾವಿರ ದಾಟಿದೆ. ಐದು ವರ್ಷದಿಂದ ಆಫೀಸಿಗೆ, ಆಗಾಗ ಊರಿಗೆ, ಮನಸ್ಸಾದಾಗ ಬೆಳಗಿನ ಜಾವ ನಂದಿ ಕಡೆಗೆ, ಎಲ್ಲಾ ಇದ್ರಲ್ಲೇ.

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಈ ಗಾಡಿ ಬಗ್ಗೆ ಮಾತಾಡೋರೆಲ್ಲ ಇಂಜಿನ್ನಿಂದ ಶುರು ಮಾಡ್ತಾರೆ, 145 ಹಾರ್ಸ್‌ಪವರ್, ಟರ್ಬೊ (ಇಂಜಿನ್ ಒಳಕ್ಕೆ ಜಾಸ್ತಿ ಗಾಳಿ ಒತ್ತೋ ಸಾಮಾನು), ನೂರು ಮುಟ್ಟೋಕೆ ಕಂಪ್ನಿ ಲೆಕ್ಕದಲ್ಲಿ 8.8 ಸೆಕೆಂಡ್, ಹಿಂಗೆ. ಐದು ವರ್ಷ ಓಡ್ಸಿ ನಂಗೆ ಅರ್ಥ ಆಗಿರೋದು ಬೇರೆ. ಪುಂಟೊ ಬಾಡಿ, ಸ್ಟೀರಿಂಗು, ಸಸ್ಪೆನ್ಷನ್ನು ಮೊದಲ್ನೇ ದಿನದಿಂದಾನೂ ಜೋರಾಗಿ ಓಡೋ ಗಾಡಿದೇ ಆಗಿತ್ತು, ಅದಕ್ಕೆ ತಕ್ಕ ಇಂಜಿನ್ ನಮ್ಮ ದೇಶದಲ್ಲಿ ತಡವಾಗಿ ಬಂತು ಅಷ್ಟೆ. ಇದನ್ನ ಮನಸ್ಸಲ್ಲಿಟ್ಕೊಂಡ್ರೆ ಈ ಗಾಡಿಯ ಒಳ್ಳೇದು ಕೆಟ್ಟದ್ದು ಎರಡೂ ತಾನಾಗೇ ಅರ್ಥ ಆಗುತ್ತೆ.

ಹಂಗಾಗಿ ಬಾಡಿಯಿಂದಾನೇ ಶುರು ಮಾಡ್ತೀನಿ. ಗ್ರಾಂಡೆ ಪುಂಟೊ, ಅಂದ್ರೆ ನನ್ನ ಗಾಡಿಗೆ ಮೂಲವಾದ ಮೂರನೇ ಪುಂಟೊ, ಜನಕ್ಕೆ ಮೊದ್ಲು ಕಂಡಿದ್ದು 2005ರ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ. ಗೆರೆ ಎಳೆದಿದ್ದು ಜಾರ್ಜೆಟ್ಟೊ ಜುಜಾರೊ ಅವ್ರ ಇಟಾಲ್‌ಡಿಸೈನ್, ಫಿಯೆಟ್‌ನ ಸ್ವಂತ ಡಿಸೈನ್ ಸೆಂಟರ್ ಜೊತೆ ಸೇರ್ಕೊಂಡು. ಹೆಸ್ರು ಕೇಳಿಲ್ದಿದ್ರೂ ಅವ್ರ ಕೈಕೆಲ್ಸ ನೀವು ನೋಡೇ ಇರ್ತೀರ, ನಮ್ಮ ರೋಡಲ್ಲಿ ಓಡಾಡ್ತಿದ್ದ ಫಿಯೆಟ್ ಯೂನೊ ಅವ್ರದ್ದು, ಡೇವೂ ಮಾಟಿಜ್ ಅವ್ರ ಕಂಪ್ನಿದು, ಅಷ್ಟೇ ಯಾಕೆ, ಮೊಟ್ಟಮೊದಲ ಫೋಕ್ಸ್‌ವ್ಯಾಗನ್ ಗಾಲ್ಫೂ ಅವ್ರದ್ದೇ. 1999ರಲ್ಲಿ ಶತಮಾನದ ಕಾರ್ ಡಿಸೈನರ್ ಅಂತ ಅವ್ರನ್ನ ಆರಿಸಿದ್ರು. 1993ರ ಮೊದಲ್ನೇ ಪುಂಟೊ ಮಾಡಿದ್ದು ಅವ್ರು, 1999ರ ಎರಡನೇ ಪುಂಟೊನ ಫಿಯೆಟ್ ತನ್ನ ಮನೆಯೊಳಗೇ ಮಾಡ್ಕೊಳ್ತು, ಮೂರನೇದಕ್ಕೆ ಮತ್ತೆ ಅವ್ರ ಮನೆ ಬಾಗ್ಲಿಗೇ ಹೋಯ್ತು.

ಭಾನುವಾರ ಬೆಳಗ್ಗೆ ಒದ್ದೆ ಬಟ್ಟೆ ಹಿಡ್ಕೊಂಡು ಗಾಡಿ ಒರೆಸ್ಬೇಕಾದ್ರೆ ಈ ಡಿಸೈನು ಕಣ್ಣಿಗಿಂತ ಕೈಗೆ ಜಾಸ್ತಿ ಗೊತ್ತಾಗುತ್ತೆ. ಮುಂದ್ಗಡೆ ಗ್ರಿಲ್ ಪಕ್ಕದಲ್ಲಿ ಹೆಡ್‌ಲ್ಯಾಂಪ್ ಸಣ್ಣಗೆ ಚೂಪಾಗಿ ಶುರುವಾಗುತ್ತೆ, ಬಟ್ಟೆ ಅದ್ರ ಮೇಲೆ ಜಾರ್ತಾ ಹೋದಂಗೆ ಕೈ ತಾನಾಗೇ ಮೇಲಕ್ಕೇರ್ತಾ ಚಕ್ರದ ಮೇಲಿನ ಉಬ್ಬಿಗೆ ಬಂದು ನಿಲ್ಲುತ್ತೆ, ಅಲ್ಲಿಂದ ಕಿಟಕಿ ಕೆಳಗಿನ ಗೆರೆ ಹಿಡ್ಕೊಂಡು ಹೋದ್ರೆ ಅದೂ ಹಿಂದಕ್ಕೆ ಹೋದಂಗೆ ಏರ್ತಾನೇ ಇರುತ್ತೆ, ಹಿಂದಿನ ಬಾಗ್ಲು ಬರೋ ಹೊತ್ತಿಗೆ ಗಾಜು ಕಮ್ಮಿ ಲೋಹ ಜಾಸ್ತಿ ಆಗೋಗಿರುತ್ತೆ. ಎಲ್ಲೂ ಚೂರಿಯಲ್ಲಿ ಕುಯ್ದಂಥ ಗೆರೆ ಇಲ್ಲ. ಈಗಿನ ಗಾಡಿಗಳಲ್ಲಿ ಬಾಗ್ಲ ಮೇಲೆ ನಾಲ್ಕು ಕಡೆ ಮಡಿಕೆ ಹಾಕಿರ್ತಾರೆ, ಬಟ್ಟೆ ಹೋಗಿ ಹೋಗಿ ಅಲ್ಲೇ ಸಿಕ್ಕಾಕೊಳ್ಳುತ್ತೆ, ಇದ್ರಲ್ಲಿ ಮುಂದಿಂದ ಹಿಂದಕ್ಕೆ ಒಂದೇ ಉಸಿರಲ್ಲಿ ಒರೆಸ್ಕೊಂಡು ಹೋಗ್ಬೋದು. ನಿಂತಲ್ಲೇ ಮುಂದಕ್ಕೆ ಹಾರೋಕೆ ಕೂತಿರೋ ಥರ ಕಾಣೋದು ಇದೇ ಏರು ಗೆರೆಯಿಂದ. ಮೂತಿ ಮಾಸೆರಾಟಿ ಥರ ಇದೆ ಅಂತ ಆಗ್ಲೇ ಎಲ್ರೂ ಅಂದಿದ್ರು, 1998ರ ಮಾಸೆರಾಟಿ 3200 ಜಿಟಿ ಕೂಡ ಇಟಾಲ್‌ಡಿಸೈನ್ ಮನೆಯಿಂದ್ಲೇ ಬಂದಿದ್ದು, ಅಣ್ಣ ತಮ್ಮ ಒಂದೇ ಥರ ಕಂಡ್ರೆ ತಪ್ಪೇನು.

ಹಿಂದಿನ ಲೈಟ್ ಬಗ್ಗೆ ಹೇಳ್ಲೇಬೇಕು. ಪುಂಟೊದಲ್ಲಿ ಟೈಲ್ ಲ್ಯಾಂಪ್ ಬಂಪರ್ ಹತ್ರ ಇರಲ್ಲ, ಹಿಂದಿನ ಗಾಜಿನ ಪಕ್ಕದ ಕಂಬದಲ್ಲಿ ಉದ್ದಕ್ಕೆ ನಿಂತಿರುತ್ತೆ. 1993ರ ಪುಂಟೊದಲ್ಲೇ ಹಂಗಿಟ್ಟಿದ್ರು, ಆವಾಗಿಂದ ಅದೇ ಪುಂಟೊ ಗುರುತು. ನೋಡೋಕೆ ಚೆಂದ ಅನ್ನೋದು ಒಂದು ಕಡೆ ಇರ್ಲಿ, ಒಂದಿನ ಟೌನ್ ಹಾಲ್ ಸಿಗ್ನಲಲ್ಲಿ ಹಿಂದಿಂದ ಒಂದು ಲಗೇಜ್ ಆಟೋ ಬಂದು ಗುದ್ದಿದಾಗ ಬಂಪರ್ ಮೂಲೆ ಒಳಗೆ ಹೋಯ್ತು, ಬಣ್ಣ ಕಿತ್ತೋಯ್ತು, ಲೈಟಿಗೆ ಒಂದು ಗೀರು ಕೂಡ ಬೀಳ್ಲಿಲ್ಲ. ಬಂಪರ್‌ನ ಬಿಸಿನೀರು ಹಾಕಿ ಒಳಗಿಂದ ಒತ್ತಿದ್ರೆ ಹೊರಕ್ಕೆ ಬರುತ್ತೆ, ಬಣ್ಣ ಹೊಡೆಸ್ಬೋದು. ಈ ಗಾಡಿ ಲೈಟ್ ಒಡೆದಿದ್ರೆ ಹುಡುಕೋಕೆ ಎಷ್ಟು ತಿಂಗ್ಳು ಬೇಕಿತ್ತೋ. ಮೂವತ್ತು ವರ್ಷದ ಹಿಂದೆ ಇಟಲಿಯಲ್ಲಿ ಒಬ್ರು ಕಾಗದದ ಮೇಲೆ ಲೈಟನ್ನ ಒಂದಡಿ ಮೇಲಕ್ಕೆ ಬರೆದಿದ್ದು ಬೆಂಗ್ಳೂರಿನ ಟ್ರಾಫಿಕ್ಕಲ್ಲಿ ನನ್ನ ದುಡ್ಡು ಉಳಿಸ್ತು, ಅವತ್ತು ಅದನ್ನ ನೆನೆಸ್ಕೊಂಡೆ ನಿಜ್ವಾಗ್ಲೂ.

ಈಗ ಬಾಡಿ ಒಳಗಿನ ವಿಷ್ಯ. ಆವಾಗ ಫಿಯೆಟ್ಟೂ ಜನರಲ್ ಮೋಟಾರ್ಸೂ ಕೈ ಜೋಡ್ಸಿದ್ರಿಂದ ಈ ಗಾಡಿಯ ತಳಪಾಯ ಇಬ್ರೂ ಸೇರಿ ಮಾಡಿದ್ದು, ಮಾರನೇ ವರ್ಷ ಬಂದ ಒಪೆಲ್ ಕೋರ್ಸಾ ಕೆಳಗಿರೋದೂ ಇದೇ. ದಕ್ಷಿಣ ಇಟಲಿಯ ಮೆಲ್ಫಿ ಫ್ಯಾಕ್ಟರಿಯಲ್ಲಿ ತಯಾರಾಗ್ತಿತ್ತು. 2005ರಲ್ಲೇ ಕಾರನ್ನ ಗುದ್ದಿಸಿ ನೋಡೋ ಯುರೋ ಎನ್‌ಕ್ಯಾಪ್ ಟೆಸ್ಟಲ್ಲಿ ದೊಡ್ಡವರ ಸೇಫ್ಟಿಗೆ ಐದು ಸ್ಟಾರ್ ಬಂತು, ಆಗ ಈ ಸೈಜಿನ ಗಾಡಿಗೆ ಅದು ಸಣ್ಣ ಮಾತಲ್ಲ. ಐದು ಸ್ಟಾರ್ ಸುಮ್ನೆ ಬರಲ್ಲ, ಕಬ್ಬಿಣ ಬೇಕು, ಕಬ್ಬಿಣ ಅಂದ್ರೆ ತೂಕ. ಇಲ್ಲೇ ನೋಡಿ ಪುಂಟೊ ಕಥೆ ನಮ್ಮ ದೇಶದಲ್ಲಿ ಅಡ್ಡ ತಿರುಗಿದ್ದು.

2009ರ ಜೂನಲ್ಲಿ ಇಲ್ಲಿಗೆ ಬಂತು, ಪುಣೆ ಹತ್ರ ರಾಂಜಣಗಾಂವ್ ಫ್ಯಾಕ್ಟರಿಯಿಂದ. ನಮ್ಮಲ್ಲಿ ಸಣ್ಣ ಕಾರಿನ ಕಮ್ಮಿ ಟ್ಯಾಕ್ಸ್ ಸಿಗ್ಬೇಕಂದ್ರೆ ಗಾಡಿ ಉದ್ದ 4 ಮೀಟರ್ ಒಳಗಿರ್ಬೇಕು, ಪೆಟ್ರೋಲ್ ಇಂಜಿನ್ 1200 ಸಿಸಿ ಒಳಗಿರ್ಬೇಕು, ಡೀಸೆಲ್ ಆದ್ರೆ 1500. ಯುರೋಪಿನ ಗಾಡಿ 4.03 ಮೀಟರ್, ಇಲ್ಲಿಯದನ್ನ ನಾಲ್ಕರ ಒಳಗೆ ತಂದ್ರು, ಸರಿ. ಪೆಟ್ರೋಲಿಗೆ 1.2 ಲೀಟರಿನ ಫೈರ್ ಇಂಜಿನ್ ಹಾಕಿದ್ರು, 68 ಹಾರ್ಸ್‌ಪವರ್. ಸಾವಿರದ ನೂರು ಕೆಜಿ ದಾಟಿರೋ ಬಾಡಿಗೆ 68. ನನ್ನ ಫ್ರೆಂಡ್ ಒಬ್ಬ ಬನಶಂಕರಿಯಲ್ಲಿ ಅದನ್ನೇ ತಗೊಂಡಿದ್ದ, ನಾಲ್ಕು ಜನ ಕೂತ್ಕೊಂಡು ನಂದಿ ಬೆಟ್ಟ ಹತ್ತಬೇಕಾದ್ರೆ ಕೊನೆ ತಿರುವುಗಳಲ್ಲಿ ಎಸಿ ಆಫ್ ಮಾಡಿ ಮೊದಲ್ನೇ ಗೇರಿಗೆ ಬಂದ್ವಿ. ಅದೇ ಗಾಡಿ ಇಳಿಯೋವಾಗ ನಾನು ಓಡ್ಸಿದೆ, ಆ ತಿರುವುಗಳಲ್ಲಿ ಸ್ಟೀರಿಂಗ್ ಹೆಂಗೆ ಕೈಗೆ ಮಾತಾಡ್ತು ಅಂದ್ರೆ, ಮುಂದಿನ ಟೈರ್ ಜಲ್ಲಿ ಮೇಲಿದ್ಯಾ ಡಾಂಬರ್ ಮೇಲಿದ್ಯಾ ಅನ್ನೋದು ಕೂಡ ಬೆರಳಿಗೆ ಗೊತ್ತಾಗ್ತಿತ್ತು, ಗಾಡಿ ಒಂದು ಚೂರೂ ವಾಲ್ತಿರ್ಲಿಲ್ಲ. ಹತ್ತೋವಾಗ ಎತ್ತಿನಗಾಡಿ, ಇಳಿಯೋವಾಗ ರೇಸ್ ಗಾಡಿ. ಅವತ್ತೇ ಅನ್ಸಿತ್ತು, ಈ ಬಾಡಿಗೆ ಇದ್ರ ಎರಡರಷ್ಟು ಇಂಜಿನ್ ಬೇಕು ಅಂತ. 1.4 ಲೀಟರ್ 90 ಹಾರ್ಸ್‌ಪವರ್ ಇತ್ತು, 1.3 ಮಲ್ಟಿಜೆಟ್ ಡೀಸೆಲ್ಲಂತೂ ಸ್ವಿಫ್ಟ್ ಒಳಗೂ ಕೂತು ಇಡೀ ದೇಶ ಸುತ್ತಿದ ಇಂಜಿನ್, ಆದ್ರೂ ಯಾವ್ದೂ ಆ ಸ್ಟೀರಿಂಗಿಗೆ ಸಮ ಅಲ್ಲ.

ಯುರೋಪಲ್ಲಿ ಜನ ಇಷ್ಟು ಕಾಯ್ಬೇಕಾಗ್ಲಿಲ್ಲ, ಅಲ್ಲಿ 2007ರಲ್ಲೇ ಚೇಳು ಬಂದಿತ್ತು. ಈಗ ಚೇಳಿನ ಕಥೆ. ಕಾರ್ಲ್ ಅಬಾರ್ತ್ ಅಂತ, ವಿಯೆನ್ನಾದಲ್ಲಿ 1908ರ ನವೆಂಬರ್ 15ಕ್ಕೆ ಹುಟ್ಟಿದವರು, ಅಲ್ಲಿಯವರ ಲೆಕ್ಕದಲ್ಲಿ ವೃಶ್ಚಿಕ ರಾಶಿ, ಅದಕ್ಕೇ ಕಂಪ್ನಿ ಗುರುತು ಚೇಳು. ಮೊದ್ಲು ಬೈಕ್ ರೇಸ್ ಓಡ್ತಿದ್ರು, ಆಮೇಲೆ ಇಟಲಿಗೆ ಬಂದು ಕಾರ್ಲೊ ಆದ್ರು, 1949ರಲ್ಲಿ ಸ್ವಂತ ಕಂಪ್ನಿ ಶುರು ಮಾಡಿ ಸೈಲೆನ್ಸರ್ ಮಾರಿ ಹೆಸ್ರು ಮಾಡಿದ್ರು. ಸಾಧಾರಣ ಜನ ಓಡ್ಸೋ ಸಣ್ಣ ಫಿಯೆಟ್ 500, 600 ಗಾಡಿಗಳಿಗೆ ಬೇಕಾದ ಸಾಮಾನೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ತುಂಬಿ ಕಳಿಸ್ತಿದ್ರು, ಪೆಟ್ಟಿಗೆ ಬಿಚ್ಚಿ ಜೋಡ್ಸಿದ್ರೆ ಮನೆ ಗಾಡಿ ರೇಸ್ ಗಾಡಿ ಆಗ್ತಿತ್ತು. 600ರ ಮೇಲೆ ಕಟ್ಟಿದ ಅವ್ರ ರೇಸ್ ಕಾರುಗಳಲ್ಲಿ ಇಂಜಿನ್ ಹಿಂದಿರ್ತಿತ್ತು, ತಣ್ಣಗಾಗ್ಲಿ ಅಂತ ಹಿಂದಿನ ಮುಚ್ಚಳ ಎತ್ತಿ ಕಡ್ಡಿ ಕೊಟ್ಟು ಹಂಗೇ ತೆಗ್ದಿಟ್ಟು ಓಡ್ಸೋರು, ಹಳೇ ಫೋಟೋ ಸಿಕ್ಕಿದ್ರೆ ನೋಡಿ, ಮರೆಯೋಕೇ ಆಗಲ್ಲ. 1965ರಲ್ಲಿ ದಾಖಲೆ ಮಾಡೋಕೆ ಅಂತ ಕಟ್ಟಿದ ಒಂಟಿ ಸೀಟಿನ ಗಾಡಿಯೊಳಗೆ ಕೂರೋಕೆ ಆಪಲ್ ತಿಂದ್ಕೊಂಡೇ ಸುಮಾರು 30 ಕೆಜಿ ಇಳಿಸಿದ್ರಂತೆ. 1971ರಲ್ಲಿ ಕಂಪ್ನಿನ ಫಿಯೆಟ್ ತಗೊಳ್ತು, ಹೆಸ್ರು ಸುಮಾರು ವರ್ಷ ಮಂಕಾಗಿ ಹೋಗಿತ್ತು, 2007ರಲ್ಲಿ ಮತ್ತೆ ಎಬ್ಬಿಸಿದಾಗ ಮೊದಲು ಚೇಳು ಅಂಟಿಸ್ಕೊಂಡಿದ್ದು ಇದೇ ಗ್ರಾಂಡೆ ಪುಂಟೊ, 1.4 ಟಿ-ಜೆಟ್ ಅನ್ನೋ ಟರ್ಬೊ ಇಂಜಿನ್, 155 ಹಾರ್ಸ್‌ಪವರ್, ಅದೂ ಸಾಲ್ದು ಅನ್ನೋರಿಗೆ ಎಸ್ಸೆಎಸ್ಸೆ ಕಿಟ್ ಹಾಕಿದ್ರೆ 180.

ನಮಗೆ ಅದು ಬಂದಿದ್ದು 2015ರ ಅಕ್ಟೋಬರಲ್ಲಿ. 2014ರ ಪುಂಟೊ ಇವೊ ಬಾಡಿ, ಅದೇ 1368 ಸಿಸಿ ಟಿ-ಜೆಟ್, 145 ಹಾರ್ಸ್‌ಪವರ್, 212 ನ್ಯೂಟನ್ ಮೀಟರ್ ಟಾರ್ಕ್, ಐದು ಗೇರ್ ಮ್ಯಾನ್ಯುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, 16 ಇಂಚಿನ ಅಲಾಯ್. 1200 ಸಿಸಿ ದಾಟಿದ್ರಿಂದ ಸಣ್ಣ ಕಾರಿನ ಕಮ್ಮಿ ಟ್ಯಾಕ್ಸ್ ಸಿಗ್ಲಿಲ್ಲ, ಆದ್ರೂ ದೆಹಲಿ ಎಕ್ಸ್ ಶೋರೂಮ್ ಬೆಲೆ 9.95 ಲಕ್ಷ. ಆವಾಗ ಈ ದುಡ್ಡಿಗೆ ಬೇರೆ ಏನ್ ಸಿಗ್ತಿತ್ತು ಅಂತ ಲೆಕ್ಕ ಹಾಕಿ, ಪೋಲೊ ಜಿಟಿ ಟಿಎಸ್ಐ 105 ಹಾರ್ಸ್‌ಪವರ್, ಆಮೇಲೆ 2017ರಲ್ಲಿ ಬಂದ ಬಲೆನೊ ಆರ್‌ಎಸ್ ಕೂಡ ನೂರರ ಆಸುಪಾಸು. ಪೋಲೊದ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸಿಟಿಯಲ್ಲಿ ಎಷ್ಟು ಆರಾಮ ಅಂತ ಒಪ್ಕೊಳ್ತೀನಿ, ದಿನಾ ವೈಟ್‌ಫೀಲ್ಡಿಗೆ ಹೋಗೋರಿಗೆ ಅದೇ ವಾಸಿ. ಸ್ಟೀರಿಂಗ್ ಹಿಡಿಯೋ ಖುಷಿಗೆ ಮಾತ್ರ ಪುಂಟೊ ಪಕ್ಕ ಯಾವ್ದೂ ನಿಲ್ಲಲ್ಲ.

ಅದಕ್ಕೆ ಕಾರಣ ಇದೆ. ನಮ್ಮ ಪುಂಟೊದಲ್ಲಿ ಪವರ್ ಸ್ಟೀರಿಂಗ್ ಹೈಡ್ರಾಲಿಕ್, ಎಣ್ಣೆ ಒತ್ತಡದಲ್ಲಿ ಕೆಲಸ ಮಾಡುತ್ತೆ, ಈಗಿನ ಗಾಡಿಗಳ ಥರ ಕರೆಂಟ್ ಮೋಟಾರಲ್ಲ. ಮೋಟಾರ್ ಇದ್ರೆ ಪಾರ್ಕಿಂಗಲ್ಲಿ ಒಂದು ಬೆರಳಲ್ಲಿ ತಿರುಗುತ್ತೆ, ಪೆಟ್ರೋಲೂ ಸ್ವಲ್ಪ ಉಳಿಯುತ್ತೆ, ಆದ್ರೆ ರೋಡಿಂದ ಟೈರಿಗೆ ಬರೋ ಸುದ್ದಿ ಕೈಗೆ ಬರೋಷ್ಟ್ರಲ್ಲಿ ಸಪ್ಪೆ ಆಗೋಗಿರುತ್ತೆ. ಇದ್ರಲ್ಲಿ ಗಾಂಧಿ ಬಜಾರಲ್ಲಿ ಪಾರ್ಕಿಂಗ್ ಮಾಡ್ಬೇಕಾದ್ರೆ ಎರಡೂ ಕೈ ಬೇಕು, ಭುಜಕ್ಕೆ ಕೆಲ್ಸ ಇದೆ, ಅದೇ ತೂಕ ಎಂಬತ್ತರ ಸ್ಪೀಡಲ್ಲಿ ಕೈಯಲ್ಲಿ ಗಟ್ಟಿಯಾಗಿ ಕೂತ್ಕೊಳ್ಳುತ್ತೆ.

ಬೆಳಗ್ಗೆ ಐದೂವರೆಗೆ ಕನಕಪುರ ರೋಡ್ ಟೋಲಿಂದ ನೈಸ್ ರೋಡ್ ಹತ್ತಿದ್ರೆ ಈ ಗಾಡಿ ಏನು ಅಂತ ಹದಿನೈದು ನಿಮಿಷದಲ್ಲಿ ಗೊತ್ತಾಗುತ್ತೆ. ಮೂರನೇ ಗೇರಲ್ಲಿ 2000 ಆರ್‌ಪಿಎಂ ತನಕ ಸಾಧಾರಣ ಗಾಡಿ, ಹಿಂದಿಂದ ಯಾವ್ದಾದ್ರೂ ಡೀಸೆಲ್ ಗಾಡಿ ಬಂದು ಹೋಗ್ಬಿಡುತ್ತೆ. 2000 ದಾಟ್ತಿದ್ದಂಗೆ ಬಾನೆಟ್ ಒಳಗಿಂದ ಸಣ್ಣಗೆ ಸುಯ್ ಅನ್ನೋ ಶಬ್ದ ಶುರುವಾಗುತ್ತೆ, ಅದು ಟರ್ಬೊ ತಿರುಗೋದು, ಆಮೇಲೆ ಬೆನ್ನು ಸೀಟಿಗೆ ಅಂಟ್ಕೊಳ್ಳುತ್ತೆ, ಪೂರ್ತಿ ಒತ್ತಿದ್ರೆ ಸ್ಟೀರಿಂಗ್ ಒಂದು ಚೂರು ಆ ಕಡೆ ಈ ಕಡೆ ಎಳೆಯುತ್ತೆ ಯಾಕಂದ್ರೆ ಅಷ್ಟೂ ಶಕ್ತಿ ಮುಂದಿನ ಎರಡು ಚಕ್ರಕ್ಕೇ ಹೋಗ್ತಿರುತ್ತೆ, ಆ ಎಳೆತವನ್ನ ಹಿಡ್ಕೊಂಡು ನೇರ ಇಡೋದೇ ಒಂದು ಖುಷಿ. ಆದ್ರೆ ನಂಗೆ ಜಾಸ್ತಿ ಇಷ್ಟ ಆಗೋದು ನೇರ ರೋಡಲ್ಲ, ಮೈಸೂರು ರೋಡ್ ಹತ್ರ ಇಳಿಯೋ ಸುತ್ತು ಇದ್ಯಲ್ಲ, ಆ ತಿರುವು. ಸುಮ್ನೆ ಐವತ್ತರಲ್ಲೇ ಹೋಗಿ ಸಾಕು. ಒಂದ್ಸಲ ಸ್ಟೀರಿಂಗ್ ತಿರುಗಿಸಿ ಇಟ್ರೆ ಮತ್ತೆ ಅದನ್ನ ತಿದ್ದೋ ಅವಶ್ಯಕತೆನೇ ಬರಲ್ಲ, ಬಾಡಿ ಎಲ್ಲೂ ವಾಲ್ದೆ ನೆಲಕ್ಕೆ ಕಚ್ಕೊಂಡು ತಿರುಗುತ್ತೆ. ಆ 1200 ಕೆಜಿ ಆಸುಪಾಸಿನ ತೂಕ, ಮುಂಚೆ ಎಲ್ರೂ ಬೈತಿದ್ದ ತೂಕ, ಇಲ್ಲಿ ಗಾಡಿನ ನೆಲದಲ್ಲಿ ಕೂರಿಸೋ ಕೆಲ್ಸ ಮಾಡುತ್ತೆ. ಬೇಕಾದ ಶಕ್ತಿ ಸಿಕ್ಕಿದ್ಮೇಲೆ ಅದೇ ಕಬ್ಬಿಣ ಭಾರ ಅನ್ಸಲ್ಲ.

ಈಗ ಕಷ್ಟದ ಮಾತುಗಳು, ಮುಚ್ಚಿಡಲ್ಲ. ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್. ಬೆಂಗ್ಳೂರಿನ ಹಂಪ್ಸ್ ಮಾಡೋರಿಗೆ ಅಳತೆ ಅನ್ನೋದು ಇಲ್ಲ, ರಾತ್ರಿ ಮಲ್ಗಿ ಬೆಳಗ್ಗೆ ಎದ್ರೆ ಒಂದು ಹೊಸ ಗುಡ್ಡ ಎದ್ದಿರುತ್ತೆ, ಮೇಲೆ ಬಿಳಿ ಪಟ್ಟೆನೂ ಇರಲ್ಲ. ಒಬ್ರೇ ಇದ್ರೆ ಪರ್ವಾಗಿಲ್ಲ, ನಾಲ್ಕು ಜನ ಕೂತ್ರೆ ಓರೆಯಾಗಿ ಏರಿಸ್ಬೇಕು, ಒಂದು ಚಕ್ರ ಹತ್ತಿ ಇಳಿದ್ಮೇಲೆ ಇನ್ನೊಂದು, ಹಿಂದಿನ ಆಟೋದವ್ರು ಹಾರ್ನ್ ಹೊಡೀತಾನೇ ಇರ್ತಾರೆ, ಹೊಡೀಲಿ, ನಿಧಾನಕ್ಕೇ ಇಳಿಸಿ. ಹೊಟ್ಟೆ ತಾಗಿ ಕರ್ರ್ ಅಂತ ಬರೋ ಶಬ್ದ ಇದ್ಯಲ್ಲ, ಹಲ್ಲಲ್ಲಿ ಮರಳು ಸಿಕ್ಕಂಗೆ, ಮೈಯೆಲ್ಲ ಜುಂ ಅನ್ನುತ್ತೆ. ನಮ್ಮ ಆಫೀಸ್ ಬೇಸ್‌ಮೆಂಟ್ ರ‍್ಯಾಂಪ್ ಕೆಳಗಡೆ ಮುಂದಿನ ಬಂಪರ್ ತುಟಿ ಎರಡು ಸಲ ಉಜ್ಜಿದೆ, ಈಗ ರೋಡ್ ಮೇಲೇ ಜಾಗ ಹುಡುಕ್ತೀನಿ.

ಟ್ರಾಫಿಕ್ಕಲ್ಲಿ 2000 ಆರ್‌ಪಿಎಂ ಕೆಳಗೇ ಇರ್ಬೇಕಾಗುತ್ತೆ, ಅಲ್ಲಿ ಟರ್ಬೊ ನಿದ್ದೆ, ನಾಯಂಡಹಳ್ಳಿ ಜಂಕ್ಷನಲ್ಲಿ ಸಂಜೆ ಆರಕ್ಕೆ ಸಿಕ್ಕಾಕೊಂಡ್ರೆ ಎಡಗಾಲಿಗೆ ಕ್ಲಚ್ ಒತ್ತಿ ಒತ್ತಿ ನೋವು ಬರುತ್ತೆ. ಪೆಡಲ್‌ಗಳು ಹತ್ರ ಹತ್ರ, ದೊಡ್ಡ ಶೂ ಹಾಕೋರು ಹುಷಾರು. ಹಿಂದಿನ ಸೀಟಲ್ಲಿ ಉದ್ದ ಇರೋರಿಗೆ ಮಂಡಿ ಮುಂದಿನ ಸೀಟಿಗೆ ತಾಗುತ್ತೆ, ಏರಿದ ಕಿಟಕಿ ಗೆರೆಯಿಂದ ಮಕ್ಕಳಿಗೆ ಹೊರಗಡೆ ಕಾಣಲ್ಲ, ಹೊರಗಿಂದ ನೋಡೋರಿಗೆ ಚೆಂದ ಕಂಡಿದ್ದರ ಬೆಲೆ ಒಳಗೆ ಕೂತೋರು ಕೊಡ್ತಾರೆ. ಮೈಲೇಜ್ ನಂಗೆ ಸಿಟಿಯಲ್ಲಿ 9, ಹೈವೇಲಿ ಸಮಾಧಾನವಾಗಿ ಹೋದ್ರೆ 13, 14.

ಸರ್ವಿಸ್ ಬಗ್ಗೆ ಎಲ್ರೂ ಕೇಳ್ತಾರೆ. 2020ರ ಏಪ್ರಿಲಲ್ಲಿ ಬಿಎಸ್6 ಹೊಗೆ ನಿಯಮ ಬರೋ ಹೊತ್ತಿಗೆ ಪುಂಟೊ ಮಾರಾಟದಲ್ಲೇ ಇರ್ಲಿಲ್ಲ, ಹಂಗಾಗಿ ಇದು ಮೆಕ್ಯಾನಿಕ್ ನಂಬ್ಕೊಂಡು ಇಟ್ಕೊಳ್ಳೋ ಗಾಡಿ. ಒಂದು ಅನುಭವ ಹೇಳ್ತೀನಿ. ಮನೆ ಹತ್ರದ ಒಂದು ಗ್ಯಾರೇಜಲ್ಲಿ ಏರ್ ಫಿಲ್ಟರ್ ಬದಲಾಯಿಸ್ಕೊಂಡು ಬಂದೆ, ಮಾರನೇ ದಿನ ಬಿಡದಿ ದಾಟ್ತಿದ್ದಂಗೆ ಗಾಡಿ ಶಕ್ತಿನೇ ಹೋಯ್ತು, ಆಕ್ಸಿಲರೇಟರ್ ಒತ್ತಿದ್ರೆ ಬುಸ್ ಅಂತ ಗಾಳಿ ಹೋಗೋ ಶಬ್ದ, ಗಾಡಿ ಮುಂದಕ್ಕೇ ಹೋಗ್ತಿಲ್ಲ. ಟರ್ಬೊ ಹೋಯ್ತು ಅಂತ ಎದೆ ಝಲ್ ಅಂತು, ಟರ್ಬೊ ಅಂದ್ರೆ ಸಣ್ಣ ಖರ್ಚಲ್ಲ. ನಿಧಾನಕ್ಕೆ ವಾಪಸ್ ತಂದು ವಿಲ್ಸನ್ ಗಾರ್ಡನ್ನಲ್ಲಿ ಫಿಯೆಟ್ಟನ್ನೇ ಮಾಡ್ಕೊಂಡು ಬಂದಿರೋ ಒಬ್ರು ಭಾಯ್ ಹತ್ರ ಬಿಟ್ಟೆ. ಅವ್ರು ಬಾನೆಟ್ ಎತ್ತಿ, ಇಂಜಿನ್ ಆನ್ ಮಾಡಿಸಿ, ಕಣ್ಣು ಮುಚ್ಕೊಂಡು ಕೈನ ಒಂದೊಂದೇ ಪೈಪ್ ಮೇಲೆ ಸವರ್ತಾ ಬಂದ್ರು, ಒಂದ್ಕಡೆ ನಿಲ್ಲಿಸಿ "ಸಾರ್, ಇಲ್ಲಿ ಕೈ ಇಡಿ" ಅಂದ್ರು. ಬಿಸಿ ಗಾಳಿ ಅಂಗೈಗೆ ಬಡೀತಿತ್ತು. ಟರ್ಬೊಯಿಂದ ಆ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರಿಗೆ ಹೋಗೋ ಹೋಸ್ ಕ್ಲಿಪ್ ಯಾರೋ ಸಡಿಲ ಬಿಟ್ಟಿದ್ರು. ಸ್ಕ್ರೂ ಡ್ರೈವರಲ್ಲಿ ನಾಲ್ಕು ಸುತ್ತು. "ಟರ್ಬೊ ಏನೂ ಆಗಿಲ್ಲ, ನೂರೈವತ್ತು ಕೊಡಿ, ಟೀ ತರಿಸ್ತೀನಿ" ಅಂದ್ರು. ಆವಾಗಿಂದ ಬೇರೆ ಯಾರ ಕೈಗೂ ಗಾಡಿ ಕೊಟ್ಟಿಲ್ಲ.

ಬಿಡಿಭಾಗ ಅಂದ್ಕೊಂಡಷ್ಟು ಕಷ್ಟ ಇಲ್ಲ, ಸುಲಭನೂ ಅಲ್ಲ. ಫಿಲ್ಟರ್, ಬುಶ್, ಲೋವರ್ ಆರ್ಮ್ ಥರದ್ದು ಬೇರೆ ಪುಂಟೊಗಳದ್ದು, ಫಿಯೆಟ್‌ನ ಇನ್ನೊಂದು ಕಾರು ಲಿನಿಯಾದ್ದು ಸರಿ ಹೋಗೋದ್ರಿಂದ ಜೆಸಿ ರೋಡಲ್ಲಿ ಎರಡು ಮೂರು ಅಂಗಡಿ ಸುತ್ತಿದ್ರೆ ಸಿಗುತ್ತೆ. ಇಂಜಿನ್ನಿಗೆ ಅಂತ ಏನಾದ್ರೂ ಬೇಕಾದ್ರೆ ಲಿನಿಯಾ ಟಿ-ಜೆಟ್‌ದು ಕೇಳಿ, ಇಂಜಿನ್ ಅದೇ 1.4 ಟಿ-ಜೆಟ್, ಅಲ್ಲಿ 114 ಹಾರ್ಸ್‌ಪವರಿಗೆ ಕಟ್ಟಿದ್ರು ಅಷ್ಟೆ, ಆದ್ರೂ ಪಾರ್ಟ್ ನಂಬರ್ ಹೊಂದುತ್ತಾ ಅಂತ ನೋಡೇ ದುಡ್ಡು ಕೊಡಿ. ಬಂಪರ್, ಹೆಡ್‌ಲ್ಯಾಂಪ್, ಬದಿಯ ಸ್ಟಿಕ್ಕರ್, ಆ ಚೇಳಿನ ಅಲಾಯ್, ಇವು ಮಾತ್ರ ಕಷ್ಟ.

ನಮ್ಮಪ್ಪನ ಹತ್ರ ಮುಂಚೆ ಪ್ರೀಮಿಯರ್ ಪದ್ಮಿನಿ ಇತ್ತು, ಮನೆಯಲ್ಲಿ ಅದನ್ನ ಯಾರೂ ಪದ್ಮಿನಿ ಅಂದಿದ್ದಿಲ್ಲ, ಫಿಯೆಟ್ಟು ಅಂತಾನೇ, ಇಟಲಿಯ ಫಿಯೆಟ್ 1100 ತಾನೆ ಅದು, ಸ್ಟೀರಿಂಗ್ ಪಕ್ಕದಲ್ಲೇ ಗೇರು. ನಾನು ಈ ಗಾಡಿ ಮನೆಗೆ ತಂದ ದಿನ ಅವ್ರು ಸುತ್ತ ಒಂದು ಪ್ರದಕ್ಷಿಣೆ ಬಂದ್ರು, ಟರ್ಬೊ ಹಾರ್ಸ್‌ಪವರ್ ಅಂತ ನಾನು ಹೇಳ್ತಿದ್ದಿದ್ದು ಒಂದೂ ಕಿವಿಗೆ ಹಾಕ್ಕೊಳ್ಳಿಲ್ಲ, ಎಡಗಡೆ ಬಾಗ್ಲು ತೆಗೆದ್ರು, ಹಾಕಿದ್ರು, ಇನ್ನೊಂದ್ಸಲ ತೆಗೆದು ನಿಧಾನಕ್ಕೆ ಹಾಕಿದ್ರು. ದಪ್ ಅಂತ, ಬೀರು ಬಾಗ್ಲು ಹಾಕಿದಂಗೆ. "ಕೇಳಿದ್ಯೇನೋ, ಇದು ಫಿಯೆಟ್ ಬಾಗ್ಲು ಕಣೋ" ಅಂದ್ರು. ಕೂತು ನೈಸ್ ರೋಡಿಗೆ ಹೋಗಿ ಬಂದ್ಮೇಲೂ ಅವ್ರು ಮಾತಾಡಿದ್ದು ಆ ಬಾಗ್ಲ ಬಗ್ಗೆನೇ, ಅಮ್ಮನ್ನ ಕರೆದು ಅವ್ರ ಕೈಯಲ್ಲೂ ಒಂದ್ಸಲ ಹಾಕ್ಸಿದ್ರು.

ಈಗ ತಗೊಳ್ಬೇಕು ಅನ್ನೋರಿಗೆ. ಎರಡನೇ ಗಾಡಿಯಾಗಿ, ಓಡ್ಸೋ ಆಸೆಯಿಂದ, ಒಬ್ಬ ಒಳ್ಳೇ ಮೆಕ್ಯಾನಿಕ್ ಗೊತ್ತಿದ್ರೆ ತಗೊಳ್ಳಿ, ಈ ದುಡ್ಡಲ್ಲಿ ಇಂಥ ಸ್ಟೀರಿಂಗ್ ಇರೋ ಹೊಸ ಗಾಡಿ ಇವತ್ತು ನಂಗೆ ಕಾಣ್ಲಿಲ್ಲ. ಮನೆಗೆ ಇದೊಂದೇ ಗಾಡಿ, ಹಿಂದೆ ಮೂರು ಜನ ದಿನಾ ಕೂರ್ಬೇಕು ಅಂದ್ರೆ ಬೇಡ. ಬೆಳಗ್ಗೆ ಇಂಜಿನ್ ತಣ್ಣಗಿರೋವಾಗ್ಲೇ ನೋಡೋಕೆ ಹೋಗಿ, ಮಾರೋರು ಮೊದ್ಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಬಿಲ್ ಕೇಳಿ, ಬಿಲ್ ಇಲ್ಲ ಅಂದ್ರೆ ಬದಲಾಯಿಸೇ ಇಲ್ಲ ಅಂತ ಲೆಕ್ಕ ಇಟ್ಕೊಂಡು ಬೆಲೆ ಮಾತಾಡಿ. ಚಿಪ್ ಹಾಕಿ ಪವರ್ ಏರ್ಸಿದ್ದಾರಾ ಅಂತ ನೇರವಾಗೇ ಕೇಳಿ, ಹಾಕಿದ್ರೆ ನಾನಂತೂ ಕೈ ಮುಗಿದು ಬರ್ತೀನಿ. ಆದ್ರೆ ಇಷ್ಟಕ್ಕೂ ಮುಂಚೆ ಬಗ್ಗಿ ಬಂಪರ್ ಕೆಳಗೆ, ಬಾಗ್ಲ ಕೆಳಗಿನ ಪಟ್ಟಿ ಉದ್ದಕ್ಕೂ ಟಾರ್ಚ್ ಬಿಟ್ಟು ನೋಡಿ, ನಾಲ್ಕೂ ಬಾಗ್ಲು ಒಂದೊಂದಾಗಿ ತೆಗೆದು ಹಾಕಿ ಶಬ್ದ ಕೇಳಿ, ಒಂದು ಬಾಗ್ಲಾದ್ರೂ ಬೇರೆ ಥರ ಕೇಳಿದ್ರೆ ಅಲ್ಲಿ ಏಟು ಬಿದ್ದಿದೆ ಅಂತ ಅನುಮಾನ ಇಟ್ಕೊಳ್ಳಿ. ಇಂಜಿನ್ನ ವಿಲ್ಸನ್ ಗಾರ್ಡನ್ ಭಾಯ್ ಸರಿ ಮಾಡ್ಕೊಡ್ತಾರೆ, ಸೊಟ್ಟ ಆಗಿರೋ ಬಾಡಿನ ಮೊದ್ಲಿನ ಥರ ಯಾರೂ ಮಾಡ್ಕೊಡಲ್ಲ.